ಗಿಟಾರ್ ಸಂಗ್ರಹ ಮತ್ತು ಅದರ ದಾಖಲೆ

ಗಿಟಾರ್ ಸಂಗ್ರಹ ಎಂದರೆ ಒಬ್ಬ ವ್ಯಕ್ತಿಯ, ಕುಟುಂಬದ ಅಥವಾ ಸಂಸ್ಥೆಯ ಒಡೆತನದಲ್ಲಿದ್ದು, ನಿತ್ಯದ ವಾದನಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ ಕೂಡಿಟ್ಟ ಗಿಟಾರುಗಳ ಸಮೂಹ. ಹತ್ತು ಹದಿನೈದು ವಾದ್ಯಗಳವರೆಗೆ ಸಂಗ್ರಾಹಕನ ನೆನಪೇ ದಾಖಲೆಯಾಗಿ ಕೆಲಸ ಮಾಡಬಲ್ಲದು. ಆ ಸಂಖ್ಯೆ ದಾಟಿದ ಮೇಲೆ ಯಾವ ವಾದ್ಯ ಎಲ್ಲಿದೆ, ಯಾವಾಗ ಯಾರಿಂದ ಬಂತು, ಯಾವ ಮರದಿಂದ ಮಾಡಿದ್ದು, ಅದರ ಯಾವ ಭಾಗ ಮೂಲದ್ದು, ಯಾವುದು ಬದಲಾದದ್ದು ಎಂಬ ವಿವರಗಳನ್ನು ಬರೆದಿಡದೆ ಸಂಗ್ರಹವನ್ನು ನಿರ್ವಹಿಸುವುದು ಕಷ್ಟ. ವಾದ್ಯದ ಗುರುತು, ಒಡೆತನ, ಮೌಲ್ಯ ಮತ್ತು ಕಾನೂನುಬದ್ಧತೆ ಈ ನಾಲ್ಕೂ ಬಹುಮಟ್ಟಿಗೆ ಅದರ ಜೊತೆಗಿರುವ ದಾಖಲೆಯನ್ನೇ ಅವಲಂಬಿಸಿವೆ.

ಈ ವಿಷಯಕ್ಕೆ ಮೈಸೂರು ಜಿಲ್ಲೆಯೊಂದಿಗೆ ನೇರವಾದ ನಂಟಿದೆ. ಜಗತ್ತಿನಾದ್ಯಂತ ತಯಾರಾಗುವ ಮರದ ಗಿಟಾರುಗಳ ಬೆನ್ನು ಮತ್ತು ಪಕ್ಕೆಗಳಿಗೆ ಹೆಚ್ಚಾಗಿ ಬಳಕೆಯಾಗುವ ಬೀಟೆ ಮರವು ದಕ್ಷಿಣ ಭಾರತದ ಕಾಡುಗಳದ್ದು. ಹುಣಸೂರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಸೇರಿದ ಕಾಡುಗಳು ಅದರ ಸಹಜ ನೆಲೆಗಳಲ್ಲಿ ಸೇರಿವೆ.

ಹಿನ್ನೆಲೆ

ಗಿಟಾರುಗಳನ್ನು ಹಳೆಯ ವಸ್ತುಗಳೆಂದು ಕೂಡಿಡುವ ರೂಢಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಬಲವಾಯಿತು. 1950ರ ದಶಕದಲ್ಲಿ ಫೆಂಡರ್ ಮತ್ತು ಗಿಬ್ಸನ್ ಕಂಪನಿಗಳು ತಯಾರಿಸಿದ ವಿದ್ಯುತ್ ಗಿಟಾರುಗಳು ಆ ಹೊತ್ತಿಗೆ ಸಾಮಾನ್ಯ ಮಾರಾಟದ ಸರಕಾಗಿದ್ದವು. ರಾಕ್ ಸಂಗೀತಗಾರರು ಹೊಸದಕ್ಕಿಂತ ಹಳೆಯದನ್ನು ಮೆಚ್ಚತೊಡಗಿದ ಮೇಲೆ ಅವುಗಳ ಬೆಲೆ ಏರಿತು. ಎರಿಕ್ ಕ್ಲಾಪ್ಟನ್ 1970ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಒಂದೇ ಅಂಗಡಿಯಲ್ಲಿ ಹಳೆಯ ಸ್ಟ್ರಾಟೋಕಾಸ್ಟರ್ ಗಿಟಾರುಗಳನ್ನು ಒಟ್ಟಾಗಿ ಕೊಂಡು, ಕೆಲವನ್ನು ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್ ಮತ್ತು ಸ್ಟೀವ್ ವಿನ್‌ವುಡ್ ಅವರಿಗೆ ಕೊಟ್ಟು, ಉಳಿದವುಗಳ ಉತ್ತಮ ಭಾಗಗಳನ್ನು ಸೇರಿಸಿ ಒಂದು ವಾದ್ಯ ಮಾಡಿಕೊಂಡರು. "ಬ್ಲ್ಯಾಕಿ" ಎಂದು ಹೆಸರಾದ ಈ ಗಿಟಾರ್ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಮಾರಾಟವಾಯಿತು. ಮೂರು ವಾದ್ಯಗಳ ಭಾಗಗಳಿಂದ ಆದ ಇದನ್ನು ದಾಖಲೆಯಲ್ಲಿ ಯಾವ ವರ್ಷದ್ದೆಂದು ಬರೆಯಬೇಕು ಎಂಬ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿಲ್ಲ. ಪ್ರತಿ ಭಾಗಕ್ಕೂ ಪ್ರತ್ಯೇಕ ನಮೂದು ಬೇಕಾಗುತ್ತದೆ.

ಅಮೆರಿಕದ ಸ್ಕಾಟ್ ಚಿನರಿ ಅವರದು ಖಾಸಗಿ ಸಂಗ್ರಹಗಳಲ್ಲಿ ಹೆಸರಾದದ್ದು. ಸುಮಾರು ಒಂದು ಸಾವಿರ ವಾದ್ಯಗಳಿದ್ದ ಈ ಸಂಗ್ರಹದ ಭಾಗವಾಗಿ ಅವರು 22 ಮಂದಿ ವಾದ್ಯ ತಯಾರಕರಿಂದ ಒಂದೇ ಬಗೆಯ ನೀಲಿ ಬಣ್ಣದ ಆರ್ಚ್‌ಟಾಪ್ ಗಿಟಾರುಗಳನ್ನು ಮಾಡಿಸಿದ್ದರು. ಸಂಗ್ರಹದ ಸಚಿತ್ರ ವಿವರಣೆ 1996ರಲ್ಲಿ ಪುಸ್ತಕರೂಪದಲ್ಲಿ ಹೊರಬಂತು. ಚಿನರಿ 2000ದಲ್ಲಿ ತೀರಿಕೊಂಡ ನಂತರ ವಾದ್ಯಗಳು ಬೇರೆ ಬೇರೆ ಕೈ ಸೇರಿದವು. 2025ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 500ಕ್ಕೂ ಹೆಚ್ಚು ಅಮೆರಿಕನ್ ಗಿಟಾರುಗಳ ಖಾಸಗಿ ಸಂಗ್ರಹವೊಂದನ್ನು ಕೊಡುಗೆಯಾಗಿ ಪಡೆಯುತ್ತಿರುವುದಾಗಿ ಪ್ರಕಟಿಸಿತು.

ದಾಖಲೆ ಪುಸ್ತಕ

ಸಂಗ್ರಹದ ದಾಖಲೆಯನ್ನು ಕಾಗದದ ಪುಸ್ತಕದಲ್ಲಿಯೂ ಗಣಕಯಂತ್ರದ ಕೋಷ್ಟಕದಲ್ಲಿಯೂ ಇಡಬಹುದು. ಸರ್ಕಾರಿ ಕಚೇರಿಗಳ ದಾಸ್ತಾನು ಪುಸ್ತಕದ ಕ್ರಮವನ್ನೇ ಇಲ್ಲಿಯೂ ಅನುಸರಿಸಿದರೆ ಸಾಕು: ಪ್ರತಿ ವಸ್ತುವಿಗೆ ಒಂದು ಸಂಖ್ಯೆ, ಬಂದ ದಿನಾಂಕ, ಬಂದ ಮೂಲ, ಕೊಟ್ಟ ಬೆಲೆ, ಇರುವ ಸ್ಥಳ, ಕೊನೆಯಲ್ಲಿ ಷರಾ. ಸಂಗ್ರಾಹಕ ಕೊಡುವ ಈ ಸಂಖ್ಯೆಯು ತಯಾರಕರ ಕ್ರಮಸಂಖ್ಯೆಗಿಂತ ಭಿನ್ನವಾಗಿರಬೇಕು. ವಾದ್ಯವನ್ನು ಮಾರಿದ ನಂತರವೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಬಾರದು. ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪ್ರಾಪ್ತಿಯ ವರ್ಷ ಮತ್ತು ಆ ವರ್ಷದ ಕ್ರಮಾಂಕವನ್ನು ಜೋಡಿಸಿ ಸಂಖ್ಯೆ ಕೊಡುತ್ತವೆ. 2019ರಲ್ಲಿ ಬಂದ ಏಳನೆಯ ವಾದ್ಯ 2019.7 ಆಗುತ್ತದೆ. ಸಂಖ್ಯೆಯನ್ನು ವಾದ್ಯದ ಮೇಲೆ ಅಂಟಿಸುವುದಿಲ್ಲ, ಏಕೆಂದರೆ ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗು ಅಂಟಿನಿಂದಲೂ ಕೆಲವು ಬಗೆಯ ರಬ್ಬರಿನ ಸಂಪರ್ಕದಿಂದಲೂ ಕೆಡುತ್ತದೆ. ಬಿರಡೆಗೆ ಹತ್ತಿಯ ದಾರದಲ್ಲಿ ಕಟ್ಟಿದ ಚೀಟಿ, ಪೆಟ್ಟಿಗೆಯ ಒಳಗೆ ಇನ್ನೊಂದು ಚೀಟಿ ಇದ್ದರೆ ಸಾಕಾಗುತ್ತದೆ. ಪೆಟ್ಟಿಗೆಗಳು ಅದಲುಬದಲಾಗುವುದು ದೊಡ್ಡ ಸಂಗ್ರಹಗಳಲ್ಲಿ ಸಾಮಾನ್ಯ. ಹಳೆಯ ಮೂಲ ಪೆಟ್ಟಿಗೆಗೂ ತನ್ನದೇ ಬೆಲೆಯಿರುವುದರಿಂದ ಅದಕ್ಕೂ ಪ್ರತ್ಯೇಕ ನಮೂದು ಉಚಿತ.

ನಮೂದಿನ ಜೊತೆಗೆ ಛಾಯಾಚಿತ್ರಗಳು ಅತ್ಯಗತ್ಯ. ಮುಂಭಾಗ, ಹಿಂಭಾಗ, ಹೆಡ್‌ಸ್ಟಾಕ್‌ನ ಎರಡೂ ಬದಿ, ಕ್ರಮಸಂಖ್ಯೆ, ಒಳಗಿನ ಚೀಟಿ, ಹಾಗೂ ವಾದ್ಯದ ಮೇಲಿರುವ ಪ್ರತಿಯೊಂದು ಗೀರು, ಸುಟ್ಟ ಗುರುತು, ದುರಸ್ತಿಯ ಜಾಗಗಳನ್ನು ಹಗಲಿನ ಬೆಳಕಿನಲ್ಲಿ ಚಿತ್ರಿಸುವುದು ವಾಡಿಕೆ. ಮರದ ಎಳೆಗಳ ವಿನ್ಯಾಸ ಯಾವ ಎರಡು ಗಿಟಾರುಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಸಂಖ್ಯೆಯನ್ನು ಅಳಿಸಿಹಾಕಬಹುದು, ಆದರೆ ಎಳೆಯನ್ನು ಬದಲಿಸಲಾಗದು. ಹೀಗಾಗಿ ಸ್ಪಷ್ಟವಾದ ಒಂದು ಚಿತ್ರವು ಎಷ್ಟೋ ಸಲ ರಸೀದಿಗಿಂತ ಬಲವಾದ ಪುರಾವೆಯಾಗುತ್ತದೆ.

ಎರವಲು ಕೊಟ್ಟ ವಾದ್ಯಗಳ ಲೆಕ್ಕ ಸಡಿಲವಾಗಿದ್ದರೆ ಆಗುವ ನಷ್ಟಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಕ್ವೆಂಟಿನ್ ಟರಾಂಟಿನೊ ನಿರ್ದೇಶನದ, 2015ರಲ್ಲಿ ತೆರೆಕಂಡ "ದಿ ಹೇಟ್‌ಫುಲ್ ಎಯ್ಟ್" ಚಿತ್ರಕ್ಕಾಗಿ ಮಾರ್ಟಿನ್ ಕಂಪನಿಯ ವಸ್ತುಸಂಗ್ರಹಾಲಯದಿಂದ 1870ರ ದಶಕದ ಗಿಟಾರೊಂದನ್ನು ತರಲಾಗಿತ್ತು. ದೃಶ್ಯದಲ್ಲಿ ಒಡೆಯುವುದಕ್ಕೆಂದು ಪ್ರತಿಕೃತಿಗಳನ್ನೂ ಮಾಡಿಸಲಾಗಿತ್ತು. ಚಿತ್ರೀಕರಣದ ವೇಳೆ ಅಸಲಿಯನ್ನು ತೆಗೆದು ಪ್ರತಿಕೃತಿಯನ್ನು ಇಡುವ ಮೊದಲೇ ನಟ ಕರ್ಟ್ ರಸೆಲ್ ಕೈಯಲ್ಲಿದ್ದ ಅಸಲಿ ಗಿಟಾರನ್ನು ಒಡೆದುಹಾಕಿದರು. ಆ ನಂತರ ಚಲನಚಿತ್ರಗಳಿಗೆ ವಾದ್ಯ ಎರವಲು ಕೊಡುವುದಿಲ್ಲವೆಂದು ಕಂಪನಿ ತಿಳಿಸಿತು. ಖಾಸಗಿ ಸಂಗ್ರಾಹಕರಿಗೂ ಇದು ಅನ್ವಯಿಸುತ್ತದೆ. ಸ್ನೇಹಿತರಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ವಾದ್ಯಗೋಷ್ಠಿಗೆ ಕೊಟ್ಟ ಗಿಟಾರುಗಳಿಗೆ ಹೋದ ದಿನ, ಪಡೆದವರ ಸಹಿ, ಹಿಂದಿರುಗಿದಾಗಿನ ಸ್ಥಿತಿ ಎಂಬ ಮೂರು ಕಲಮುಗಳು ಇರಬೇಕು.

ಕ್ರಮಸಂಖ್ಯೆಗಳು

ತಯಾರಕರ ಕ್ರಮಸಂಖ್ಯೆಗಳನ್ನು ಓದುವುದು ಪ್ರತ್ಯೇಕ ವಿದ್ಯೆಯೇ ಆಗಿದೆ. ಇವುಗಳಲ್ಲಿ ಅತ್ಯಂತ ಸರಳವಾದದ್ದು ಮಾರ್ಟಿನ್ ಕಂಪನಿಯ ಕ್ರಮ. 1833ರಲ್ಲಿ ಆರಂಭವಾದ ಈ ಕಂಪನಿ 1898ರಲ್ಲಿ 8000 ಎಂಬ ಸಂಖ್ಯೆಯಿಂದ ಎಣಿಕೆ ತೊಡಗಿ ಅದನ್ನು ಮುಂದುವರಿಸಿಕೊಂಡು ಬಂದಿದೆ. ಹತ್ತು ಲಕ್ಷದ ಸಂಖ್ಯೆಯ ಗಿಟಾರ್ 2004ರಲ್ಲಿ ಸಿದ್ಧವಾಯಿತು. ಒಂದೊಂದು ವರ್ಷದ ಕೊನೆಯ ಸಂಖ್ಯೆಯ ಪಟ್ಟಿ ಇದ್ದರೆ ವಾದ್ಯದ ವರ್ಷ ತಾನಾಗಿಯೇ ತಿಳಿಯುತ್ತದೆ.

ಗಿಬ್ಸನ್ ಕಂಪನಿ 1977ರಿಂದ ಎಂಟು ಅಂಕಿಗಳ ಕ್ರಮವನ್ನು ಅಳವಡಿಸಿಕೊಂಡಿತು. ಮೊದಲನೆಯ ಮತ್ತು ಐದನೆಯ ಅಂಕಿಗಳು ಸೇರಿ ವರ್ಷವನ್ನೂ, ಎರಡರಿಂದ ನಾಲ್ಕನೆಯ ಅಂಕಿಗಳು ಆ ವರ್ಷದ ಎಷ್ಟನೆಯ ದಿನವೆಂಬುದನ್ನೂ, ಉಳಿದ ಮೂರು ಆ ದಿನದ ಕ್ರಮಾಂಕವನ್ನೂ ಸೂಚಿಸುತ್ತವೆ. 90452512 ಎಂಬ ಸಂಖ್ಯೆಯಿದ್ದರೆ ಅದು 1992ನೆಯ ವರ್ಷದ 45ನೆಯ ದಿನ, ಅಂದರೆ ಫೆಬ್ರವರಿ 14ರಂದು ಮುದ್ರೆಯೊತ್ತಿದ ವಾದ್ಯ. ಅದಕ್ಕೂ ಹಿಂದಿನ, 1960ರ ದಶಕದ ಗಿಬ್ಸನ್ ಗಿಟಾರುಗಳ ವಿಷಯದಲ್ಲಿ ಇಷ್ಟು ನೆಮ್ಮದಿಯಿಲ್ಲ. ಆ ಕಾಲದಲ್ಲಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳ ವಾದ್ಯಗಳಿಗೆ ಕೊಟ್ಟಿರುವುದು ಸಾಮಾನ್ಯವಾಗಿದ್ದು, ಸಂಖ್ಯೆಯೊಂದರಿಂದಲೇ ಕಾಲನಿರ್ಣಯ ಸಾಧ್ಯವಿಲ್ಲ.

ಫೆಂಡರ್ ಕಂಪನಿ 1950 ಮತ್ತು 60ರ ದಶಕಗಳಲ್ಲಿ ಸಂಖ್ಯೆಯನ್ನು ನೆಕ್ ಮತ್ತು ಒಡಲನ್ನು ಬಿಗಿಯುವ ಲೋಹದ ತಗಡಿನ ಮೇಲೆ ಒತ್ತುತ್ತಿತ್ತು. ಕೆಲಸಗಾರರು ತಗಡುಗಳನ್ನು ಅನುಕ್ರಮವಾಗಿ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಸಣ್ಣ ಸಂಖ್ಯೆಯ ವಾದ್ಯ ದೊಡ್ಡ ಸಂಖ್ಯೆಯದಕ್ಕಿಂತ ಈಚಿನದಾಗಿರಲೂಬಹುದು. ಡೇವಿಡ್ ಗಿಲ್ಮೋರ್ ಅವರ ಬಳಿಯಿದ್ದ 0001 ಸಂಖ್ಯೆಯ 1954ರ ಸ್ಟ್ರಾಟೋಕಾಸ್ಟರ್ ಮೊತ್ತಮೊದಲು ತಯಾರಾದ ಸ್ಟ್ರಾಟೋಕಾಸ್ಟರ್ ಅಲ್ಲ. ಆದರೂ 2019ರ ಹರಾಜಿನಲ್ಲಿ ಅದಕ್ಕೆ 18,15,000 ಡಾಲರ್ ಬಂತು. ಫೆಂಡರ್ ವಾದ್ಯಗಳ ಕಾಲವನ್ನು ನಿಜವಾಗಿ ತಿಳಿಯಲು ನೆಕ್ಕಿನ ಬುಡದಲ್ಲಿ ಪೆನ್ಸಿಲಿನಿಂದ ಅಥವಾ ಮುದ್ರೆಯಿಂದ ಗುರುತಿಸಿದ ದಿನಾಂಕವನ್ನೂ, ಒಳಗಿನ ಧ್ವನಿ ನಿಯಂತ್ರಕಗಳ ಹಿಂಬದಿಯ ಸಂಕೇತವನ್ನೂ ನೋಡುತ್ತಾರೆ. ನಿಯಂತ್ರಕದ ಮೇಲೆ 1376613 ಎಂದಿದ್ದರೆ 137 ಎಂಬುದು ಆ ಭಾಗವನ್ನು ತಯಾರಿಸಿದ ಸಿ.ಟಿ.ಎಸ್. ಕಂಪನಿಯ ಸಂಕೇತ, 66 ವರ್ಷ, 13 ವಾರ. ಆದರೆ ಇದು ಆ ಬಿಡಿಭಾಗದ ವಯಸ್ಸನ್ನು ಮಾತ್ರ ಹೇಳುತ್ತದೆ. ಗಿಟಾರ್ ಅದಕ್ಕಿಂತ ಹಿಂದಿನದಲ್ಲ ಎನ್ನಬಹುದು, ಅದೂ ಆ ಭಾಗ ಬದಲಾಗಿಲ್ಲದಿದ್ದರೆ. ಬೆಸುಗೆ ಮೂಲದ್ದೇ ಎಂಬುದನ್ನು ಷರಾ ಕಲಮಿನಲ್ಲಿ ಬರೆದಿಡುವುದು ಇದೇ ಕಾರಣಕ್ಕೆ.

ಭಾರತದಲ್ಲಿ ತಯಾರಾದ ಹಳೆಯ ಗಿಟಾರುಗಳಿಗೆ ಇಂಥ ಪಟ್ಟಿಗಳ ನೆರವು ಕಡಿಮೆ. ಕೋಲ್ಕತ್ತದ ಗಿವ್ಸನ್ ಮೊದಲಾದ ಹೆಸರುಗಳ ಅಗ್ಗದ ಗಿಟಾರುಗಳಿಂದಲೇ ಕರ್ನಾಟಕದ ಎಷ್ಟೋ ಮಂದಿ ಕಲಿತಿದ್ದಾರೆ. ಇವುಗಳ ವರ್ಷ ತಿಳಿಯಲು ಅಂಗಡಿಯ ರಸೀದಿ, ಮನೆಯ ಹಳೆಯ ಛಾಯಾಚಿತ್ರ, ಕೊಂಡವರ ಹೇಳಿಕೆಗಳೇ ಆಧಾರ. ಹವಾಯಿಯನ್ ಗಿಟಾರಿನಿಂದ ಬೆಳೆದ ಭಾರತೀಯ ರೂಪಗಳು ವರ್ಗೀಕರಣಕ್ಕೇ ಸವಾಲೊಡ್ಡುತ್ತವೆ. ವಿಶ್ವಮೋಹನ ಭಟ್ಟರ ಮೋಹನವೀಣೆ ಗಿಟಾರಿನ ಮಾರ್ಪಾಡೇ ಆಗಿದ್ದರೂ ಹೆಸರಿನಲ್ಲಿ ವೀಣೆ. ಅಂಥ ವಾದ್ಯವನ್ನು ಎರಡೂ ಶೀರ್ಷಿಕೆಗಳಡಿ ಸೂಚಿಸಿ ಒಂದೇ ಕಡೆ ನಮೂದಿಸುವುದು ಅನುಕೂಲ.

ಬೀಟೆ ಮರ ಮತ್ತು ಮೈಸೂರು ಸೀಮೆ

ಬೀಟೆಯ ಸಸ್ಯಶಾಸ್ತ್ರೀಯ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಪಶ್ಚಿಮ ಘಟ್ಟ ಮತ್ತು ಅದರ ಪೂರ್ವದ ಇಳಿಜಾರಿನ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ ಈ ಮರದ ಚೇಗು ನೇರಳೆ ಛಾಯೆಯ ಕಂದು ಬಣ್ಣದ್ದು, ಗಟ್ಟಿ ಮತ್ತು ಭಾರ. ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಅಂಚಿನ ನಾಗರಹೊಳೆ ಕಾಡಿನಲ್ಲಿ ತೇಗ, ಹೊನ್ನೆ, ಮತ್ತಿಗಳ ಜೊತೆ ಬೀಟೆಯೂ ಇದೆ. ಹುಣಸೂರು ಮರಮುಟ್ಟಿನ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಮೈಸೂರಿನ ಕುಶಲಕರ್ಮಿಗಳು ಬೀಟೆಯ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಮಾಡುವ ಕೆತ್ತನೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಹಿಂದೆ ಈ ಕೆಲಸದಲ್ಲಿ ಆನೆದಂತವನ್ನೂ ಕೂರಿಸುತ್ತಿದ್ದರು.

ಗಿಟಾರ್ ಲೋಕದಲ್ಲಿ ಬೀಟೆಗೆ ಈಗಿನ ಸ್ಥಾನ ಬಂದದ್ದು 1969ರ ನಂತರ. ಅಲ್ಲಿಯವರೆಗೆ ಉತ್ತಮ ದರ್ಜೆಯ ಗಿಟಾರುಗಳಿಗೆ ಬ್ರೆಜಿಲ್ ದೇಶದ ಡಾಲ್ಬರ್ಜಿಯಾ ನೈಗ್ರಾ ಮರ ಬಳಕೆಯಾಗುತ್ತಿತ್ತು. ಬ್ರೆಜಿಲ್ ಸರ್ಕಾರ ದಿಮ್ಮಿಗಳ ರಫ್ತನ್ನು ತಡೆದಾಗ ಮಾರ್ಟಿನ್ ಕಂಪನಿ ತನ್ನ ಡಿ-28 ಮೊದಲಾದ ಮಾದರಿಗಳಿಗೆ ಭಾರತದ ಬೀಟೆಯನ್ನು ಆರಿಸಿಕೊಂಡಿತು. ಇತರ ತಯಾರಕರೂ ಅದನ್ನೇ ಅನುಸರಿಸಿದರು. ವ್ಯಾಪಾರದಲ್ಲಿ ಇದರ ಹೆಸರು "ಈಸ್ಟ್ ಇಂಡಿಯನ್ ರೋಸ್‌ವುಡ್". ಹೆಸರಿನಿಂದ ಈಶಾನ್ಯ ಭಾರತದ್ದೆಂದು ತಿಳಿಯುವವರಿದ್ದಾರೆ. ಮರ ಮಾತ್ರ ಮುಖ್ಯವಾಗಿ ಕರ್ನಾಟಕ, ಕೇರಳ, ತಮಿಳುನಾಡುಗಳದ್ದು.

ಹೀಗಾಗಿ 1969ರ ಆಸುಪಾಸಿನ ಗಿಟಾರಿನ ದಾಖಲೆಯಲ್ಲಿ ಬರಿದೆ "ರೋಸ್‌ವುಡ್" ಎಂದು ಬರೆದರೆ ಸಾಲದು. ಎರಡು ಮರಗಳಿಗೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಬ್ರೆಜಿಲ್ ಮರ 1992ರಲ್ಲಿ ಅತ್ಯಂತ ಕಠಿಣವಾದ ಮೊದಲ ಅನುಬಂಧಕ್ಕೆ ಸೇರಿತು. ಅದರಿಂದ ಮಾಡಿದ ಹಳೆಯ ಗಿಟಾರನ್ನು ಗಡಿ ದಾಟಿಸಿ ಮಾರಬೇಕಾದರೆ ಮರ ಒಪ್ಪಂದಕ್ಕೆ ಮುಂಚಿನದ್ದೆಂದು ತೋರಿಸುವ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೆ ವಾದ್ಯದ ಕಾಲವನ್ನು ಸಾಧಿಸುವ ಕಾಗದಗಳು ಬೇಕು. ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳು 2017ರ ಜನವರಿ 2ರಿಂದ ಎರಡನೆಯ ಅನುಬಂಧಕ್ಕೆ ಬಂದವು. ಆಗ ಅಂಗಡಿಯಲ್ಲಿ ಮಾರುವ ಸಾಮಾನ್ಯ ಗಿಟಾರನ್ನು ವಿದೇಶಕ್ಕೆ ಕಳುಹಿಸಲೂ ಪರವಾನಗಿ ಅಗತ್ಯವಾಯಿತು. ತಯಾರಕರು ಮತ್ತು ವಾದ್ಯಮೇಳಗಳ ಒತ್ತಾಯದ ಮೇಲೆ ಪೂರ್ಣಗೊಂಡ ಸಂಗೀತ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ದೊರೆಯಿತು. ವಿನಾಯಿತಿ ಎರಡನೆಯ ಅನುಬಂಧದ ಮರಗಳಿಗೆ ಮಾತ್ರ. ಬ್ರೆಜಿಲ್ ಮರಕ್ಕೆ ಅದು ಅನ್ವಯಿಸುವುದಿಲ್ಲ. ಎರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟವಾದ್ದರಿಂದ, ಕೊಂಡಾಗಲೇ ತಯಾರಕರ ವಿವರಪಟ್ಟಿಯಿಂದ ಮರದ ಪೂರ್ಣ ಹೆಸರನ್ನು ಬರೆದಿಟ್ಟವರಿಗೆ ಮುಂದೆ ತೊಂದರೆ ತಪ್ಪುತ್ತದೆ.

ಭಾರತದ ಬೀಟೆಯ ಕಾಗದಪತ್ರಗಳು ಅಮೆರಿಕದಲ್ಲಿ ದೊಡ್ಡ ವಿವಾದಕ್ಕೂ ಕಾರಣವಾಗಿದ್ದವು. 2011ರ ಆಗಸ್ಟ್ 24ರಂದು ಅಲ್ಲಿನ ಕೇಂದ್ರ ಸರ್ಕಾರದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಟೆನೆಸ್ಸಿ ರಾಜ್ಯದ ಕಾರ್ಖಾನೆಗಳಲ್ಲಿ ಶೋಧ ನಡೆಸಿ ಭಾರತದಿಂದ ತರಿಸಿದ್ದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. ಫ್ರೆಟ್‌ಬೋರ್ಡಿಗೆಂದು ಕೊಯ್ದ ಈ ತುಂಡುಗಳು ಭಾರತದ ರಫ್ತು ನಿಯಮಗಳ ಪ್ರಕಾರ ಸಿದ್ಧ ಭಾಗಗಳೋ ಬರಿಯ ಕೊಯ್ದ ಮರವೋ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಬೇರೆ ದೇಶದ ಕಾನೂನನ್ನು ಮೀರಿ ತಂದ ಮರವನ್ನು ಇಟ್ಟುಕೊಳ್ಳುವುದೂ ಅಮೆರಿಕದ ಲೇಸಿ ಕಾಯ್ದೆಯ ಪ್ರಕಾರ ಅಪರಾಧ. 2009ರಲ್ಲಿ ಮಡಗಾಸ್ಕರ್ ದೇಶದ ಕರಿಮರಕ್ಕೆ ಸಂಬಂಧಿಸಿಯೂ ಇಂಥದೇ ಶೋಧ ನಡೆದಿತ್ತು. 2012ರ ಆಗಸ್ಟಿನಲ್ಲಿ ಗಿಬ್ಸನ್ 3,00,000 ಡಾಲರ್ ದಂಡ ತೆರಲು ಒಪ್ಪಿ ಪ್ರಕರಣ ಮುಗಿಯಿತು. ಭಾರತದ ಮರವನ್ನು ಕಂಪನಿಗೆ ಹಿಂದಿರುಗಿಸಲಾಯಿತು. ಹಾಗೆ ಬಂದ ಮರದಿಂದ ಕಂಪನಿ "ಗವರ್ನ್‌ಮೆಂಟ್ ಸೀರೀಸ್" ಎಂಬ ಹೆಸರಿನಲ್ಲಿ ಗಿಟಾರುಗಳನ್ನು ಮಾಡಿ ಮಾರಿತು. ಇವು ಈಗ ಸಂಗ್ರಾಹಕರ ಪಟ್ಟಿಗಳಲ್ಲಿ ಸೇರಿವೆ.

ಕರ್ನಾಟಕದಲ್ಲಿ ಬೀಟೆ ಮರವನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಇಲಾಖೆಯ ಡಿಪೋಗಳಲ್ಲಿ ನಡೆಯುವ ಹರಾಜಿನ ಮೂಲಕ ದಿಮ್ಮಿಗಳು ಮಾರಾಟವಾಗುತ್ತವೆ. ಹಳೆಯ ಮನೆ ಕೆಡವಿದಾಗ ಸಿಕ್ಕ ಬೀಟೆಯ ತೊಲೆಯಿಂದ ಗಿಟಾರ್ ಅಥವಾ ವೀಣೆ ಮಾಡಿಸುವವರು ಮರದ ಮೂಲ ತಿಳಿಸುವ ಕಾಗದವನ್ನು ವಾದ್ಯದ ಕಡತದಲ್ಲಿಯೇ ಇಡುವುದು ಒಳ್ಳೆಯದು. ಹಳೆಯ ಗಿಟಾರುಗಳಲ್ಲಿ ಆನೆದಂತದ ನಟ್ಟು, ಆಮೆಚಿಪ್ಪಿನ ಕೆಲಸ ಇದ್ದರೆ ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರಬಹುದು. 2022ರ ತಿದ್ದುಪಡಿಯಿಂದ ಸೈಟಿಸ್ ಪಟ್ಟಿಯ ಜೀವಿಗಳೂ ಆ ಕಾಯ್ದೆಯೊಳಗೆ ಬಂದಿವೆ.

ಕಳವು ಮತ್ತು ಮರಳಿ ದೊರೆಯುವಿಕೆ

ಕಳೆದುಹೋದ ಗಿಟಾರುಗಳು ದಶಕಗಳ ನಂತರ ಮರಳಿದ ಪ್ರಸಂಗಗಳಲ್ಲಿ ಗುರುತಿನ ಪುರಾವೆಯೇ ನಿರ್ಣಾಯಕವಾಗಿದೆ. ಕೆನಡಾದ ರ‍್ಯಾಂಡಿ ಬ್ಯಾಕ್‌ಮನ್ ಅವರ ಕಿತ್ತಳೆ ಬಣ್ಣದ ಗ್ರೆಚ್ ಗಿಟಾರ್ 1976ರಲ್ಲಿ ಟೊರಾಂಟೊದ ಹೋಟೆಲಿನಿಂದ ಕಳುವಾಯಿತು. 2020ರಲ್ಲಿ ಅಭಿಮಾನಿಯೊಬ್ಬರು ಹಳೆಯ ಚಿತ್ರಗಳಲ್ಲಿ ಕಾಣುವ ಮರದ ಎಳೆಯ ಗುರುತನ್ನು ಅಂತರಜಾಲದಲ್ಲಿ ಸಿಗುವ ಚಿತ್ರಗಳೊಂದಿಗೆ ಹೋಲಿಸುತ್ತ ಹೋಗಿ, ಅದು ಜಪಾನಿನ ಸಂಗೀತಗಾರರೊಬ್ಬರ ಬಳಿ ಇರುವುದನ್ನು ಪತ್ತೆಹಚ್ಚಿದರು. ಕೊಂಡವರಿಗೆ ಅದು ಕಳವಿನ ವಸ್ತುವೆಂಬುದು ತಿಳಿದಿರಲಿಲ್ಲ. ಅದೇ ವಾರದಲ್ಲಿ ತಯಾರಾದ, ಅದೇ ಬಗೆಯ ಇನ್ನೊಂದು ಗ್ರೆಚ್ ಗಿಟಾರನ್ನು ಹುಡುಕಿ ಕೊಂಡು 2022ರ ಜುಲೈ 1ರಂದು ಟೋಕಿಯೊದಲ್ಲಿ ಅದಲುಬದಲು ಮಾಡಿಕೊಳ್ಳಲಾಯಿತು.

ಪೀಟರ್ ಫ್ರ್ಯಾಂಪ್ಟನ್ ಅವರ 1954ರ ಲೆಸ್ ಪಾಲ್ ಗಿಟಾರ್ 1980ರಲ್ಲಿ ವೆನೆಜುವೆಲಾದ ಕಾರಕಾಸಿನಲ್ಲಿ ಸರಕು ವಿಮಾನ ಅಪಘಾತಕ್ಕೀಡಾದಾಗ ಸುಟ್ಟುಹೋಯಿತೆಂದೇ ತಿಳಿಯಲಾಗಿತ್ತು. ಅದು 2011ರ ಡಿಸೆಂಬರಿನಲ್ಲಿ, ಸುಟ್ಟ ಕಲೆಗಳೊಂದಿಗೆ, ಅವರ ಕೈ ಸೇರಿತು. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡ್ ಕೊಟ್ಟು ಕೊಂಡಿದ್ದ ಹಾಫ್ನರ್ ಬೇಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, ಐದು ದಶಕಗಳ ನಂತರ ಮರಳಿ ದೊರೆತ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಇವರೆಲ್ಲರ ವಾದ್ಯಗಳ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು ಎಂಬುದನ್ನು ಮರೆಯುವಂತಿಲ್ಲ. ಸಾಮಾನ್ಯ ಸಂಗ್ರಾಹಕನಿಗೆ ಆ ಅನುಕೂಲವಿಲ್ಲ. ಕಳವಾದಾಗ ಪೊಲೀಸ್ ಠಾಣೆಯಲ್ಲಿ ಕೊಡುವ ದೂರಿನಲ್ಲಿ "ಕಪ್ಪು ಬಣ್ಣದ ಗಿಟಾರ್ ಒಂದು" ಎಂದಷ್ಟೇ ಬರೆಸಿದರೆ ಅದರಿಂದ ವಾದ್ಯ ಪತ್ತೆಯಾಗುವ ಸಂಭವ ಕಡಿಮೆ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ವಿಶೇಷ ಗುರುತು, ಚಿತ್ರ ಇವು ದೂರಿಗೂ ವಿಮೆಯ ಕೋರಿಕೆಗೂ ಒಟ್ಟಿಗೇ ಬೇಕಾಗುತ್ತವೆ. ವಿಮೆಯ ಸಂದರ್ಭದಲ್ಲಿ ಹಳೆಯ ವಾದ್ಯಗಳಿಗೆ ಕೊಂಡ ಬೆಲೆಯಿಂದ ಸವಕಳಿ ಕಳೆಯುವ ಲೆಕ್ಕ ಹೊಂದುವುದಿಲ್ಲ. ತಜ್ಞರ ಮೌಲ್ಯಮಾಪನ ಪತ್ರವನ್ನು ಕೆಲವು ವರ್ಷಗಳಿಗೊಮ್ಮೆ ನವೀಕರಿಸಿ, ಒಪ್ಪಿದ ಮೌಲ್ಯಕ್ಕೆ ವಿಮೆ ಮಾಡಿಸುವುದು ರೂಢಿ.

2010ರ ಮೇ ತಿಂಗಳಿನಲ್ಲಿ ಕಂಬರ್‌ಲ್ಯಾಂಡ್ ನದಿ ಉಕ್ಕಿ ನ್ಯಾಶ್‌ವಿಲ್ಲಿನ ಸೌಂಡ್‌ಚೆಕ್ ಎಂಬ ವಾದ್ಯ ಸಂಗ್ರಹಾಗಾರಕ್ಕೆ ನುಗ್ಗಿತು. ವಿನ್ಸ್ ಗಿಲ್, ಕೀತ್ ಅರ್ಬನ್, ಬ್ರ್ಯಾಡ್ ಪೈಸ್ಲಿ ಮೊದಲಾದವರ ವಾದ್ಯಗಳು ದಿನಗಟ್ಟಲೆ ನೀರಿನಲ್ಲಿದ್ದವು. ದಾಖಲೆಯ ಒಂದು ಪ್ರತಿ ವಾದ್ಯಗಳಿರುವ ಕಟ್ಟಡದಿಂದ ಹೊರಗೆ ಇರಬೇಕೆಂಬ ಸಲಹೆಗೆ ಇಂಥ ಅವಘಡಗಳೇ ಆಧಾರ.

ಹವೆ ಮತ್ತು ಇರಿಸುವ ಜಾಗ

ಮರದ ಗಿಟಾರಿಗೆ ಶೇ. 45ರಿಂದ 55ರಷ್ಟು ಸಾಪೇಕ್ಷ ಆರ್ದ್ರತೆ ಹಿತವೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಹವೆ ಒಣಗಿದರೆ ಮೇಲ್ಹಲಗೆ ಕುಗ್ಗಿ ಬಿರುಕು ಬಿಡುತ್ತದೆ, ಫ್ರೆಟ್ಟುಗಳ ತುದಿ ಹೊರಚಾಚುತ್ತದೆ. ತೇವ ಹೆಚ್ಚಿದರೆ ಮೇಲ್ಹಲಗೆ ಉಬ್ಬಿ ತಂತಿಗಳು ಎತ್ತರವಾಗುತ್ತವೆ, ಅಂಟು ಸಡಿಲವಾಗುತ್ತದೆ, ಪೆಟ್ಟಿಗೆಯ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮೈಸೂರು ಸೀಮೆಯಲ್ಲಿ ಒಂದೇ ವರ್ಷದಲ್ಲಿ ಎರಡೂ ಕಾಣಿಸುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹವೆ ಒಣಗಿರುತ್ತದೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ. ಕಾಡಂಚಿನ ಹೆಗ್ಗಡದೇವನಕೋಟೆ, ಕೊಡಗಿಗೆ ಹೊಂದಿಕೊಂಡ ಪಿರಿಯಾಪಟ್ಟಣದ ಕಡೆ ಮಳೆಗಾಲದ ಶೀತ ಹೆಚ್ಚು. ಹುಣಸೂರು, ಹೊಸ ಅಗ್ರಹಾರ, ಕೃಷ್ಣರಾಜನಗರದಂತಹ ಊರುಗಳ ಮನೆಗಳಲ್ಲಿ ವರ್ಷವಿಡೀ ಹವಾನಿಯಂತ್ರಣ ನಡೆಸುವುದು ದುಬಾರಿಯಾದ್ದರಿಂದ, ಗಟ್ಟಿ ಪೆಟ್ಟಿಗೆಯೊಳಗೇ ತೇವವನ್ನು ಹತೋಟಿಯಲ್ಲಿಡುವುದು ಹೆಚ್ಚು ಕಾರ್ಯಸಾಧ್ಯ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲ, ಬೇಸಿಗೆಯಲ್ಲಿ ತೇವ ಕೊಡುವ ಸಾಧನ, ಒಂದೆರಡು ಆರ್ದ್ರತಾಮಾಪಕಗಳು ಇದಕ್ಕೆ ಸಾಕು. ಪೆಟ್ಟಿಗೆಗಳನ್ನು ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಟ್ಟರೆ ಗೆದ್ದಲಿನ ಭಯವಿದೆ.

ವರ್ಷಕ್ಕೆರಡು ಬಾರಿ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ, ಪ್ರತಿ ಪೆಟ್ಟಿಗೆಯನ್ನೂ ತೆರೆದು ಪುಸ್ತಕದೊಂದಿಗೆ ತಾಳೆ ನೋಡುವ ಪದ್ಧತಿಯಿಟ್ಟುಕೊಂಡರೆ ದಾಸ್ತಾನು ತಪಾಸಣೆ ಮತ್ತು ವಾದ್ಯದ ಆರೈಕೆ ಎರಡೂ ಒಂದೇ ಕೆಲಸವಾಗುತ್ತವೆ.

ಕರ್ನಾಟಕದ ವಾದ್ಯ ಸಂಗ್ರಹಗಳು

ಕರ್ನಾಟಕದಲ್ಲಿ ಸಾರ್ವಜನಿಕರು ನೋಡಬಹುದಾದ ಸಂಗ್ರಹಗಳು ಗಿಟಾರಿಗೆ ಸೀಮಿತವಲ್ಲ, ಎಲ್ಲ ಬಗೆಯ ವಾದ್ಯಗಳವು. ಮೈಸೂರಿನ ಮೆಲೊಡಿ ವರ್ಲ್ಡ್ ಮೇಣದ ವಸ್ತುಸಂಗ್ರಹಾಲಯ 2010ರಲ್ಲಿ ಆರಂಭವಾಯಿತು. ಶ್ರೀಜಿ ಭಾಸ್ಕರನ್ ಅವರು ಕೂಡಿಸಿದ 300ಕ್ಕೂ ಹೆಚ್ಚು ವಾದ್ಯಗಳನ್ನು ಅಲ್ಲಿ ಸಂಗೀತದ ಪ್ರಕಾರಗಳಿಗೆ ತಕ್ಕಂತೆ, ವಾದಕರ ಆಳೆತ್ತರದ ಮೇಣದ ಪ್ರತಿಮೆಗಳೊಂದಿಗೆ ಜೋಡಿಸಲಾಗಿದೆ. ವಾದ್ಯವನ್ನು ಸಾಲಾಗಿ ತೂಗುಹಾಕುವ ಬದಲು ನುಡಿಸುವವರ ಕೈಯಲ್ಲಿಟ್ಟು ತೋರಿಸುವುದರಿಂದ, ಯಾವ ವಾದ್ಯ ಯಾವ ಮೇಳದ್ದೆಂಬುದು ನೋಡುಗರಿಗೆ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸ ಅರಮನೆಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಾಗೂ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಜನಪದ ವಾದ್ಯಗಳಿವೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗೀತಕ್ಕೇ ಮೀಸಲಾದ ಸಂವಾದಾತ್ಮಕ ವಸ್ತುಸಂಗ್ರಹಾಲಯ.

ಸಂಗ್ರಹದ ವಿಲೇವಾರಿ

ದೊಡ್ಡ ಸಂಗ್ರಹಗಳು ಬಹುತೇಕ ಒಂದೇ ತಲೆಮಾರಿನವು. ಮುಂದಿನವರಿಗೆ ವಾದನದಲ್ಲಿ ಆಸಕ್ತಿಯಿಲ್ಲದಿದ್ದರೆ ವಾದ್ಯಗಳು ಮಾರಾಟಕ್ಕೆ ಬರುತ್ತವೆ. ದಾಖಲೆಯಿಲ್ಲದ ಸಂಗ್ರಹವನ್ನು ವ್ಯಾಪಾರಿಗಳು ಒಟ್ಟು ಬೆಲೆ ಕಟ್ಟಿ ಒಯ್ಯುವುದರಿಂದ ಅಮೂಲ್ಯ ವಾದ್ಯವೂ ಸಾಮಾನ್ಯ ವಾದ್ಯದ ದರಕ್ಕೇ ಹೋಗುತ್ತದೆ. ಬದುಕಿರುವಾಗಲೇ ತಾವಾಗಿ ಮಾರಿದವರೂ ಇದ್ದಾರೆ. ಎರಿಕ್ ಕ್ಲಾಪ್ಟನ್ 1999ರಲ್ಲಿ 100 ಗಿಟಾರುಗಳನ್ನು ತಾವು ಸ್ಥಾಪಿಸಿದ ವ್ಯಸನಮುಕ್ತಿ ಕೇಂದ್ರದ ನೆರವಿಗಾಗಿ ಹರಾಜು ಹಾಕಿದರು. ಡೇವಿಡ್ ಗಿಲ್ಮೋರ್ 2019ರ ಜೂನ್ 20ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಸಂಸ್ಥೆಯ ಮೂಲಕ 120ಕ್ಕೂ ಹೆಚ್ಚು ವಾದ್ಯಗಳನ್ನು ಮಾರಿದಾಗ ಸುಮಾರು 2.15 ಕೋಟಿ ಡಾಲರ್ ಸಂಗ್ರಹವಾಗಿ, ಆ ಹಣ ಹವಾಮಾನ ಬದಲಾವಣೆಯ ವಿರುದ್ಧ ಕಾನೂನು ಹೋರಾಟ ನಡೆಸುವ ಕ್ಲೈಂಟ್‌ಅರ್ಥ್ ಸಂಸ್ಥೆಗೆ ಸಂದಿತು. ಮಾರ್ಕ್ ನಾಫ್ಲರ್ 2024ರ ಜನವರಿಯಲ್ಲಿ ಲಂಡನ್ನಿನಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜಿಗಿಟ್ಟು, ಬಂದುದರಲ್ಲಿ ಕಾಲುಭಾಗವನ್ನು ದಾನ ಕೊಟ್ಟರು. ಇಂಥ ಹರಾಜುಗಳಲ್ಲಿ ಯಾವ ಗಿಟಾರ್ ಯಾವ ಧ್ವನಿಮುದ್ರಣದಲ್ಲಿ, ಯಾವ ಕಛೇರಿಯಲ್ಲಿ ಬಳಕೆಯಾಯಿತೆಂಬ ವಿವರ ಹರಾಜು ಪಟ್ಟಿಯಲ್ಲಿ ಪುಟಗಟ್ಟಲೆ ಅಚ್ಚಾಗುತ್ತದೆ. ವಾದ್ಯವನ್ನು ಮಾರಿದಾಗ ಅದರ ನಮೂದನ್ನು ಹೊಡೆದುಹಾಕದೆ, ಮಾರಿದ ದಿನಾಂಕ ಮತ್ತು ಹೋದ ಸ್ಥಳವನ್ನು ಷರಾದಲ್ಲಿ ಬರೆದು ಪುಸ್ತಕದಲ್ಲಿಯೇ ಉಳಿಸಿಕೊಳ್ಳಲಾಗುತ್ತದೆ. ಕಡತದ ಒಂದು ಪ್ರತಿ ವಾದ್ಯದೊಂದಿಗೆ ಕೊಂಡವರಿಗೆ ಹೋಗುತ್ತದೆ.